ಎಳೆ ಎಣಿಸಿ ಬೆಳೆಸಿದ ತೋಟ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಹೆಣ್ಣುಮಕ್ಕಳಿಗೆ ಇಳಕಲ್ ಸೀರೆ ಹೊಸದಲ್ಲ. ಆದರೆ ಅದರ ಸೆರಗಿನಲ್ಲಿ ಈ ನಾಡಿನ ನೋಟವೇ ಅಡಗಿದೆ ಎಂಬುದು ಎಲ್ಲರ ಗಮನಕ್ಕೆ ಬಂದಿರಲಾರದು. ಕೆಂಪು ನೆಲದ ಮೇಲಿನ ಬಿಳಿ ವಿನ್ಯಾಸಗಳಿಗೆ ನೇಕಾರರು ಇಟ್ಟ ಹೆಸರುಗಳಲ್ಲಿ ಒಂದು ಜೋಳದ ತೆನೆಯದು, ಒಂದು ಕೋಟೆಯ ತೆನೆಗಲ್ಲಿನದು, ಮತ್ತೊಂದು ಬೆಟ್ಟದ ಸಾಲಿನದು.

ಇವೆಲ್ಲ ಏಕೆ ಹಲ್ಲುಹಲ್ಲಾಗಿ, ಮೂಲೆಮೂಲೆಯಾಗಿ ಕಾಣುತ್ತವೆ? ಉತ್ತರ ಮಗ್ಗದಲ್ಲೇ ಇದೆ. ಹಾಸು ಉದ್ದಕ್ಕೆ, ಹೊಕ್ಕು ಅಡ್ಡಕ್ಕೆ; ನೂಲಿಗೆ ಮೂರನೆಯ ದಾರಿಯಿಲ್ಲ. ಹೀಗಾಗಿ ಬೆಟ್ಟದ ಇಳಿಜಾರು ಮೆಟ್ಟಿಲಾಗುತ್ತದೆ.

ಸೀರೆಯ ಮೇಲೆ ಹಾಕುವ ಕಸೂತಿಯೂ ಇದೇ ಲೆಕ್ಕಕ್ಕೆ ಬದ್ಧ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿ ಸೂಜಿ ಚುಚ್ಚುವುದು ಇದರ ಪದ್ಧತಿ. ಗಾವಂತಿ ಹೊಲಿಗೆ ಗೆರೆ ಎಳೆದರೆ, ಮುರಗಿ ಮೆಟ್ಟಿಲು ಕಟ್ಟುತ್ತದೆ. ಗಂಟು ಹಾಕದ ಈ ಎರಡು ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತವೆ. ತುಳಸಿಕಟ್ಟೆ, ಗೋಪುರ, ಕಮಲ, ನವಿಲು, ಗಿಳಿ ಎಲ್ಲವೂ ಇದೇ ಚೌಕಟ್ಟಿನಲ್ಲಿ ಅರಳುತ್ತವೆ.

ದಾರಕ್ಕೆ ಕುಂಚದಂತೆ ನೆರಳು ಬಳಿಯಲು ಬಾರದು. ಆ ಕೊರತೆಯನ್ನು ಬಣ್ಣ ತುಂಬುತ್ತದೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಕಿತ್ತಳೆ, ಹಸಿರು ಎದ್ದು ನಿಲ್ಲುತ್ತವೆ. ಸೆರಗಿನ ಬಳಿ ದೊಡ್ಡದಾಗಿರುವ ಚಿತ್ತಾರಗಳು ಕೆಳಗಿಳಿದಂತೆ ಚಿಕ್ಕದಾಗುತ್ತವೆ.

ಹತ್ತಿರದ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ (1580-1627) ಕಾಲದ ಚಿತ್ರಕಾರರು ಬಂಗಾರದ ಬಣ್ಣ ಬಳಸಿ ಬಳುಕುವ ಹೂಬಳ್ಳಿಗಳನ್ನು ಬರೆದರು. ಪರ್ಷಿಯಾದ ತೋಟದ ಜಮಖಾನೆಗಳು ಕಾಲುವೆ, ಪಾತಿಗಳನ್ನು ಮೇಲಿನಿಂದ ಕಂಡಂತೆ ತೋರಿಸಿದವು. ಕಸೂತಿಯ ತುಳಸಿಕಟ್ಟೆಯಾದರೋ ಅಂಗಳದಲ್ಲಿ ನಿಂತವಳು ಎದುರಿಗೆ ಕಂಡದ್ದು.

ಈ ಕಲೆಗೆ ಎಳೆ ಎಣಿಸಲು ಬರುವ ಬಟ್ಟೆಯೇ ಆಧಾರ. ಒತ್ತಾದ ನುಣುಪು ಬಟ್ಟೆಯಲ್ಲಿ ಅದು ಕಷ್ಟ. ಅದಕ್ಕೆಂದೇ ಈಗ ಮೇಲೊಂದು ಜಾಳಿಗೆ ಬಟ್ಟೆ ಇಟ್ಟು ಹೊಲಿದು, ಬಳಿಕ ಅದರ ಎಳೆ ಕಿತ್ತು ತೆಗೆಯುವ ರೂಢಿಯಿದೆ. ಅಚ್ಚು ಒತ್ತಿ ಅದರ ಮೇಲೆ ಹೊಲಿದರೆ ಕೆಲಸ ಹಗುರ, ನಿಜ. ಆದರೆ ಎಣಿಕೆ ಬಿಟ್ಟುಹೋದರೆ ಉಳಿಯುವುದು ಹೂವಿನ ಚಿತ್ರ ಮಾತ್ರ; ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಲೆಕ್ಕದಲ್ಲೇ ಬಂದ ಗಣಿತ ಅಲ್ಲಿಗೇ ನಿಲ್ಲುತ್ತದೆ.