ಗಾಲ್ಟನ್ ಇಟ್ಟ ಷರತ್ತು: ಅವಳಿಗಳ ಅಧ್ಯಯನದ ಚರಿತ್ರೆಯಲ್ಲಿ ಹುಟ್ಟು ಮತ್ತು ಪಾಲನೆ

ಮನುಷ್ಯನ ಸ್ವಭಾವವನ್ನು ರೂಪಿಸುವುದು ಹುಟ್ಟೋ ಪಾಲನೆಯೋ ಎಂಬ ಪ್ರಶ್ನೆಗೆ ಅವಳಿಗಳಲ್ಲಿ ಉತ್ತರ ಹುಡುಕುವ ದಾರಿ ತೆರೆದವರು ಡಾರ್ವಿನ್ನರ ಸಂಬಂಧಿ ಫ್ರಾನ್ಸಿಸ್ ಗಾಲ್ಟನ್. 1875ರಲ್ಲಿ ಅವರು ಪ್ರಕಟಿಸಿದ ಲೇಖನಕ್ಕೆ ಪ್ರಶ್ನಾವಳಿಗಳಿಗೆ ಬಂದ ಉತ್ತರಗಳೇ ಆಧಾರ. ತೀರಾ ಹೋಲುವ ಸುಮಾರು 80 ಜೋಡಿಗಳ ಮಾಹಿತಿ ಸಿಕ್ಕಿತು. ಅವುಗಳಲ್ಲಿ ವಿವರ ತುಂಬಿದ್ದವು 35 ಮಾತ್ರ. ಹುಟ್ಟಿನ ಪ್ರಭಾವ ಪಾಲನೆಯನ್ನು ಬಹಳವಾಗಿ ಮೀರಿಸುತ್ತದೆ ಎಂದು ಗಾಲ್ಟನ್ ತೀರ್ಮಾನಿಸಿದರು. ಅದೇ ವಾಕ್ಯದಲ್ಲಿ ಒಂದು ಷರತ್ತನ್ನೂ ಇಟ್ಟರು: ಒಂದೇ ದೇಶದ, ಒಂದೇ ಅಂತಸ್ತಿನ ಜನರಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಪಾಲನೆಯ ಅಂತರ ಹೆಚ್ಚಿರಬಾರದು. ತೀರ್ಮಾನ ಲೋಕವೆಲ್ಲ ಸುತ್ತಿತು, ಷರತ್ತು ಅಲ್ಲೇ ಉಳಿಯಿತು. ಈ ಮರೆವಿನ ಜಾಡು ಹಿಡಿದೇ ಮುಂದಿನ ಚರಿತ್ರೆಯನ್ನು ಓದಬೇಕೆಂಬುದು ನನ್ನ ವಾದ.

ಷರತ್ತನ್ನು ಗಾಲ್ಟನ್ನರೇ ಉಳಿಸಿಕೊಳ್ಳಲಿಲ್ಲ. 1883ರಲ್ಲಿ ಅವರು ಹೆಸರಿಟ್ಟ ಸುಜನನವಾದ, ಅಂದರೆ 'ಒಳ್ಳೆಯ' ವಂಶದವರಷ್ಟೇ ಸಂತಾನ ಬೆಳೆಸಬೇಕೆಂಬ ವಾದ, ಅಮೆರಿಕದಲ್ಲಿ ಕಾನೂನಾಯಿತು. ವರ್ಜೀನಿಯಾದ ಕ್ಯಾರಿ ಬಕ್ ಎಂಬ ತರುಣಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲು 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು. ಕ್ಯಾರಿಯ ತಾಯಿ, ಕ್ಯಾರಿ, ಕ್ಯಾರಿಯ ಮಗಳು ಮೂವರೂ ಮಂದಬುದ್ಧಿಯವರು ಎಂಬುದು ಕೊಟ್ಟ ಕಾರಣ. ಬೇರೆ ಮನೆಯಲ್ಲಿ ಬೆಳೆದ ಆ ಮಗಳು ವಿವಿಯನ್ ಮುಂದೆ ಶಾಲೆಯ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿದ್ದಳು. ಅಮೆರಿಕದಲ್ಲಿ ಇಂಥ ಶಸ್ತ್ರಚಿಕಿತ್ಸೆಗೆ ಗುರಿಯಾದವರು 60,000ಕ್ಕೂ ಹೆಚ್ಚು.

ಅವಳಿಗಳ ಅಧ್ಯಯನದ ವಿಧಾನ ಮಾತ್ರ ಬಿಗಿಯಾಗುತ್ತ ಬಂತು. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳನ್ನು ಎರಡು ಅಂಡಗಳಿಂದ ಹುಟ್ಟಿದ ಅವಳಿಗಳೊಡನೆ ಹೋಲಿಸುವ ಕ್ರಮವನ್ನು 1924ರಲ್ಲಿ ಜರ್ಮನಿಯ ಚರ್ಮವೈದ್ಯ ಹರ್ಮನ್ ಸೀಮೆನ್ಸ್ ರೂಪಿಸಿದರು. 1937ರಲ್ಲಿ ನ್ಯೂಮನ್, ಫ್ರೀಮನ್, ಹೋಲ್ಜಿಂಗರ್ ಬೇರೆ ಬೇರೆ ಮನೆಗಳಲ್ಲಿ ಬೆಳೆದ 19 ತದ್ರೂಪಿ ಜೋಡಿಗಳನ್ನು ಪರೀಕ್ಷಿಸಿದರು. ಓದಿನ ಅವಕಾಶದಲ್ಲಿ ಹೆಚ್ಚು ಅಂತರವಿದ್ದ ಜೋಡಿಗಳಲ್ಲಿ ಬುದ್ಧ್ಯಂಕದ ಅಂತರವೂ ಹೆಚ್ಚಿತ್ತು. ಗಾಲ್ಟನ್ನರ ಷರತ್ತು ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಆಗ ಇರಲಿಲ್ಲ.

ಬ್ರಿಟನ್ನಿನ ಸಿರಿಲ್ ಬರ್ಟ್ ಅವರ ಪ್ರಕರಣ ನೋವಿನದು. ಬೇರೆಯಾಗಿ ಬೆಳೆದ ಅವಳಿಗಳ ಬುದ್ಧ್ಯಂಕದ ಸಹಸಂಬಂಧ, ಅಂದರೆ ಹೋಲಿಕೆಯ ಅಳತೆ, 0.771 ಎಂದು 1955ರಲ್ಲಿ 21 ಜೋಡಿಗಳನ್ನು ಆಧರಿಸಿ ಅವರು ಬರೆದರು. 1966ರಲ್ಲಿ ಜೋಡಿಗಳು 53 ಆದವು. ಅಂಕಿ ಮೂರನೆಯ ದಶಮಾಂಶದವರೆಗೂ ಅದೇ. ಬರ್ಟ್ ತೀರಿಕೊಂಡ ಮೇಲೆ, 1974ರಲ್ಲಿ, ಲಿಯಾನ್ ಕಾಮಿನ್ ಈ ಅಸಂಭವವನ್ನು ತಮ್ಮ ಪುಸ್ತಕದಲ್ಲಿ ಬಯಲಿಗೆಳೆದರು. ಇದು ವಂಚನೆಯೋ ಅಜಾಗರೂಕತೆಯೋ ಎಂಬ ವಿವಾದ ಪೂರ್ತಿ ತೀರಿಲ್ಲ. ಆ ಅಂಕಿಗಳು ನಂಬಿಕೆಗೆ ಅರ್ಹವಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಕಳಂಕದ ನೆರಳಿನಲ್ಲೇ 1979ರಲ್ಲಿ ಥಾಮಸ್ ಬೌಚರ್ಡ್ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಬೇರೆಯಾಗಿ ಬೆಳೆದ ಅವಳಿಗಳ ಅಧ್ಯಯನ ಆರಂಭಿಸಿದರು. ಹಸುಗೂಸಾಗಿದ್ದಾಗಲೇ ಬೇರೆಯಾಗಿ 39ನೇ ವಯಸ್ಸಿನಲ್ಲಿ ಭೇಟಿಯಾದ ಇಬ್ಬರು 'ಜಿಮ್'ಗಳು ಅವರ ಮೊದಲ ಜೋಡಿ. ಇಬ್ಬರ ಹೆಂಡತಿಯರ ಹೆಸರೂ ನಾಯಿಗಳ ಹೆಸರೂ ಒಂದೇ ಎಂಬ ಸುದ್ದಿಯನ್ನು ಪತ್ರಿಕೆಗಳು ಹಬ್ಬಿಸಿದವು. ಹೆಸರಿನ ಕಾಕತಾಳೀಯ ವಿಜ್ಞಾನವಲ್ಲ. ನಿಜವಾದ ಸೋಜಿಗ ಬೇರೆಡೆ ಇತ್ತು: ಒಂದೇ ಮನೆಯಲ್ಲಿ ಬೆಳೆದ ತದ್ರೂಪಿಗಳು ವ್ಯಕ್ತಿತ್ವದ ಅಳತೆಗಳಲ್ಲಿ ಎಷ್ಟು ಹೋಲುತ್ತಾರೋ, ಬೇರೆ ಮನೆಗಳಲ್ಲಿ ಬೆಳೆದವರೂ ಬಹುಮಟ್ಟಿಗೆ ಅಷ್ಟೇ ಹೋಲುತ್ತಿದ್ದರು. ತಂದೆತಾಯಿಯ ಶಿಸ್ತೇ ಮಕ್ಕಳ ಸ್ವಭಾವವನ್ನು ಕಡೆಯುತ್ತದೆ ಎಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು. ಹಾಗೆಂದು ಪರಿಸರ ಸೋತಿತು ಎಂದಲ್ಲ. ತದ್ರೂಪಿಗಳೂ ಪೂರ್ತಿ ಒಂದೇ ಆಗಿರಲಿಲ್ಲ.

1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬೌಚರ್ಡ್ ತಂಡ ಬುದ್ಧ್ಯಂಕದ ವ್ಯತ್ಯಾಸದಲ್ಲಿ ಸುಮಾರು ಶೇ. 70 ಭಾಗಕ್ಕೆ ವಂಶವಾಹಿ ಕಾರಣ ಎಂದಿತು. ತಮ್ಮ ಅವಳಿಗಳಲ್ಲಿ ಕಡು ಬಡತನದಲ್ಲಿ ಬೆಳೆದವರು, ಅನಕ್ಷರಸ್ಥರ ಮನೆಯಲ್ಲಿ ಬೆಳೆದವರು ತೀರ ಕಡಿಮೆ, ಹಾಗಾಗಿ ಈ ಅಂಕಿಯನ್ನು ಅಂಥ ಸ್ಥಿತಿಗಳಿಗೆ ಹಿಗ್ಗಿಸಬಾರದು ಎಂದೂ ಬರೆಯಿತು. 115 ವರ್ಷಗಳ ನಂತರ ಮತ್ತದೇ ಷರತ್ತು. ಶೀರ್ಷಿಕೆಗಳಾದದ್ದು ಮತ್ತೆ ಅಂಕಿ ಮಾತ್ರ.

1.4 ಕೋಟಿಗೂ ಹೆಚ್ಚು ಅವಳಿ ಜೋಡಿಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿದಾಗ ಎಲ್ಲ ಗುಣಗಳ ಸರಾಸರಿ ಅನುವಂಶೀಯತೆ ಶೇ. 49 ಎಂದು ಬಂತು. ಇದರರ್ಥ ನಿಮ್ಮ ಸ್ವಭಾವದ ಅರ್ಧ ಭಾಗ ವಂಶವಾಹಿಗಳಿಂದ ಬಂದಿದೆ ಎಂದಲ್ಲ. ಅಧ್ಯಯನಕ್ಕೆ ಒಳಗಾದ ಜನರು ಒಬ್ಬರಿಂದೊಬ್ಬರು ಭಿನ್ನವಾಗಿರುವುದರಲ್ಲಿ ವಂಶವಾಹಿಗಳ ಪಾಲು ಎಷ್ಟು ಎಂಬುದಷ್ಟೇ ಈ ಲೆಕ್ಕ. ಎಲ್ಲ ಮಕ್ಕಳಿಗೂ ಒಂದೇ ಬಗೆಯ ಊಟ, ಶಾಲೆ, ಆರೈಕೆ ಸಿಕ್ಕ ಸಮಾಜದಲ್ಲಿ ಈ ಪಾಲು ಏರುತ್ತದೆ. ಅಂತರ ಹೆಚ್ಚಿದಲ್ಲಿ ಇಳಿಯಬಹುದು. 2015ರ ಆ ಸಂಗ್ರಹದ ಬಹುಪಾಲು ಅವಳಿಗಳು ಶ್ರೀಮಂತ ದೇಶಗಳವರು. ಆ ಅಂಕಿಯನ್ನು ಕನ್ನಡದಲ್ಲಿ ಬರೆಯುವವರು, ಶಿಕ್ಷಕರಿಗೆ ಪೋಷಕರಿಗೆ ಹೇಳುವವರು, ಯಾವ ಜನರನ್ನು ಅಳೆದು ಬಂದದ್ದು ಎಂಬುದನ್ನೂ ಜೊತೆಗೇ ತಿಳಿಸಬೇಕು.