ಹರವಿಯ ತಂಪು: ಸರಂಧ್ರ ಮಾಧ್ಯಮ ವಿಜ್ಞಾನದ ಚರಿತ್ರೆ

ದುಧನಿ, ಅಕ್ಕಲಕೋಟೆ, ಸೊಲ್ಲಾಪುರಗಳ ಬೇಸಿಗೆಯನ್ನು ಬಲ್ಲವರಿಗೆ ಮಣ್ಣಿನ ಹರವಿಯ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಸುಟ್ಟ ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾಗಲು ಸುಮಾರು 580 ಕ್ಯಾಲೊರಿ ಉಷ್ಣ ಬೇಕು. ಆ ಉಷ್ಣವನ್ನು ಒಳಗಿನ ನೀರು ತೆರುವುದರಿಂದಲೇ ಅದು ತಣ್ಣಗಾಗುತ್ತದೆ.

ಅನೇಕ ವರ್ಷ ನಾನು ಈ ಪಾಠವನ್ನು ವ್ಯಾಖ್ಯೆ ಬರೆಯಿಸಿ ಮುಗಿಸುತ್ತಿದ್ದೆನು. ಒಂದು ದಿನ ಕುಂಬಾರರ ಹುಡುಗನೊಬ್ಬ ಎದ್ದು, “ಜಿಡ್ಡು ಹಿಡಿದ ಹರವ್ಯಾಗ ನೀರು ತಣ್ಣಗ ಆಗಂಗಿಲ್ರಿ ಸರ್, ಯಾಕ?” ಎಂದು ಕೇಳಿದನು. ರಂಧ್ರಗಳು ಮುಚ್ಚಿದರೆ ನೀರಿನ ಹರಿವೂ ಉಷ್ಣದ ಸಾಗಾಟವೂ ಒಟ್ಟಿಗೇ ಕುಂದುತ್ತವೆ. ಈ ಎರಡರ ಸಂಬಂಧವನ್ನು ಅರಿಯಲು ವಿಜ್ಞಾನಿಗಳಿಗೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1822ರಲ್ಲಿ ಫ್ರಾನ್ಸಿನ ಫೂರಿಯೆ ಉಷ್ಣವಹನದ ನಿಯಮವನ್ನು ಪ್ರಕಟಿಸಿದನು: ಉಷ್ಣತೆಯ ವ್ಯತ್ಯಾಸ ಹೆಚ್ಚಿದಷ್ಟೂ ಉಷ್ಣದ ಪ್ರವಾಹ ಹೆಚ್ಚು. 1856ರಲ್ಲಿ ಅದೇ ದೇಶದ ದಿಜೋನ್ ನಗರಕ್ಕೆ ನೀರು ಒದಗಿಸಿದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ, ನೀರಿನ ಮಟ್ಟಗಳ ವ್ಯತ್ಯಾಸಕ್ಕೆ ಅನುಗುಣವಾಗಿ ಹರಿವು ಹೆಚ್ಚುವುದೆಂದೂ ಮರಳಿನ ಪದರ ಉದ್ದವಾದಷ್ಟೂ ಕುಗ್ಗುವುದೆಂದೂ ತೋರಿಸಿದನು. ಎರಡು ನಿಯಮಗಳ ರೂಪ ಒಂದೇ ಎಂಬುದು ವಾಚಕರ ಗಮನಕ್ಕೆ ಬಾರದಿರದು.

ಸರಂಧ್ರ ಪದರವನ್ನು ಕೆಳಗಿನಿಂದ ಕಾಯಿಸಿದರೆ ಏನಾಗುತ್ತದೆ? 1945ರಲ್ಲಿ ಹಾರ್ಟನ್ ಮತ್ತು ರಾಜರ್ಸ್, 1948ರಲ್ಲಿ ಲ್ಯಾಪ್‌ವುಡ್ ಇದನ್ನು ವಿಚಾರಿಸಿ, ಒಂದು ಮಿತಿಯವರೆಗೆ ದ್ರವ ನಿಶ್ಚಲವಾಗಿದ್ದು, ಅದನ್ನು ದಾಟಿದೊಡನೆ ಸುತ್ತತೊಡಗುವುದೆಂದು ತೋರಿಸಿದರು. ಇನ್ನು ಕಾಲುವೆಯ ಪ್ರಶ್ನೆ. ಗಟ್ಟಿ ಗೋಡೆಗೆ ತಾಗಿದ ದ್ರವ ಚಲಿಸುವುದಿಲ್ಲವೆಂಬುದು ಸಾಮಾನ್ಯ ನಿಯಮ. ಗೋಡೆ ಸರಂಧ್ರವಾಗಿದ್ದರೆ ಅಲ್ಲಿಯೂ ದ್ರವ ಜಾರುತ್ತದೆಂದು 1967ರಲ್ಲಿ ಬೀವರ್ಸ್ ಮತ್ತು ಜೋಸೆಫ್ ಪ್ರಯೋಗದಿಂದ ಕಂಡುಕೊಂಡರು. ವೇಗ ಬದಲಾದರೆ ಅದು ಹೊತ್ತೊಯ್ಯುವ ಉಷ್ಣವೂ ಬದಲಾಗುವುದು. ಕಾಲುವೆಯಲ್ಲಿ ಲೋಹದ ಸರಂಧ್ರ ವಸ್ತುವನ್ನು ತುಂಬಿದರೆ ಉಷ್ಣವನ್ನು ಕೊಳ್ಳುವ ಮೇಲ್ಮೈ ಬಹಳವಾಗಿ ಹೆಚ್ಚುತ್ತದೆ. ಆದರೆ ದ್ರವವನ್ನು ನೂಕಲು ಹೆಚ್ಚಿನ ಒತ್ತಡವೂ ಬೇಕಾಗುತ್ತದೆ. ಲಾಭಕ್ಕೆ ತಕ್ಕ ವೆಚ್ಚವುಂಟು.

ಈ ಶಾಸ್ತ್ರ ಕನ್ನಡ ನಾಡಿಗೂ ಹೊರಗಿನದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಗಣಿತಜ್ಞ ಪ್ರೊ. ಎನ್. ರುದ್ರಯ್ಯನವರು ಸರಂಧ್ರ ಮಾಧ್ಯಮದ ಹರಿವು ಮತ್ತು ಉಷ್ಣಸಂವಹನಗಳ ಸಂಶೋಧನೆಯಲ್ಲಿ ಹೆಸರಾದವರು. ಮುಂದೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ದುಧನಿಯಲ್ಲಿ ರೈಲು ಹತ್ತಿದವನಿಗೆ ಕಲಬುರ್ಗಿ ದೂರದ ಊರೇನಲ್ಲ.

ಗಡಿಯ ಮಗು ವಿಜ್ಞಾನವೆಂದರೆ ಪರಭಾಷೆಯ ಪದಗಳ ಕಂಠಪಾಠವೆಂದು ತಿಳಿದರೆ, ಆ ಹುಡುಗ ಕೇಳಿದಂಥ ಪ್ರಶ್ನೆ ಹುಟ್ಟುವುದೇ ಇಲ್ಲ. ಶಿಕ್ಷಕ ಬಂಧುಗಳು ಮುಂದಿನ ಬೇಸಿಗೆಯಲ್ಲಿ ತರಗತಿಗೆ ಒಂದು ಹರವಿಯನ್ನೂ ಒಂದು ತಾಮ್ರದ ಕೊಡವನ್ನೂ ತಂದಿರಿಸಿ, ಎರಡರಲ್ಲಿಯೂ ಉಷ್ಣತಾಮಾಪಕವನ್ನು ಇಳಿಬಿಡಲಿ. ಉಳಿದುದನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಕೇಳುವರು.