ಗಡಿಯ ಮುಂದಾಳುಗಳನ್ನ ತಯಾರು ಮಾಡೋರು ಯಾರು?

ವೀಕ್ಷಕರೇ, 2022ರ ಡಿಸೆಂಬರ್ ತಿಂಗಳು ನಿಮಗೆ ನೆನಪಿರಬಹುದು. ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಪುಣೆಯಲ್ಲಿ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. ನಿಪ್ಪಾಣಿ ಪಕ್ಕದ ಕೊಗನೊಳಿ ಚೆಕ್‌ಪೋಸ್ಟ್‌ನಲ್ಲಿ ಪೊಲೀಸರ ಸಾಲು. ಆ ರಾತ್ರಿ ನಾನೂ ಸ್ಟುಡಿಯೋದಲ್ಲಿದ್ದೆ. ಪರದೆಯನ್ನ ಎರಡು ಭಾಗ ಮಾಡಿ ಈ ಕಡೆ ಒಬ್ಬರನ್ನ, ಆ ಕಡೆ ಒಬ್ಬರನ್ನ ಕೂರಿಸಿದ್ವಿ. ಒಂದು ಗಂಟೆ ಕೂಗಾಟ. ಕಾರ್ಯಕ್ರಮ ಭರ್ಜರಿಯಾಗಿ ನಡೀತು ಅಂತ ನಾನೂ ಬೀಗಿದೆ.

ಮರುದಿನ ನಿಪ್ಪಾಣಿ ಕಡೆಯ ಹಿರಿಯ ರೈತರೊಬ್ಬರು ಫೋನ್ ಮಾಡಿದ್ರು. "ಸಾಹೇಬ್ರ, ನಿನ್ನೆ ನಿಮ್ಮ ಟಿವ್ಯಾಗ ಕುಂತಿದ್ರಲ್ಲ, ಇಬ್ರೂ ನಮ್ಮೂರಾವರಲ್ರಿ. ನಾಳೆ ಕೊಲ್ಲಾಪುರಕ್ಕ ಬಸ್ ಹೋಗ್ತದೋ ಇಲ್ಲೋ, ಅದನ್ನ ಹೇಳೋರು ಒಬ್ರೂ ಇರ್ಲಿಲ್ರಿ" ಅಂದ್ರು. ಮೊಮ್ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದಿತ್ತಂತೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಫೋನ್ ಇವತ್ತಿಗೂ ಕಿವಿಯಲ್ಲಿದೆ.

ಇವತ್ತು ಗಡಿ ಯಾರದು ಅಂತ ವಾದ ಮಾಡೋಕೆ ನಾನು ಬಂದಿಲ್ಲ. ಬೆಳಗಾವಿ ಕರ್ನಾಟಕದ್ದು, ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳ್ತಿರೋದು ಬೇರೆ ಪ್ರಶ್ನೆ. ಹಳೇ ಜಗಳದ ಭಾರ ಹೊತ್ತಿರೋ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಿಗೆ ನಾಳಿನ ಮುಂದಾಳುಗಳು ಎಲ್ಲಿಂದ ಬರ್ತಾರೆ? ಅವರನ್ನ ತಯಾರು ಮಾಡೋರು ಯಾರು?

ಸ್ವಲ್ಪ ಇತಿಹಾಸ ನೋಡೋಣ. ಒಂದು ಕಾಲಕ್ಕೆ ರಾಯಬಾಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ ಬ್ರಿಟಿಷರ ತಾಲ್ಲೂಕುಗಳು. 1956ರ ನವೆಂಬರ್ 1ರಂದು ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ತಾಲ್ಲೂಕು ಮಾತ್ರ ಆ ಕಡೆ ಉಳೀತು. ಅಲ್ಲಿಂದ ತಕರಾರು ಶುರು. 1966ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ಬಂತು, 1967ರಲ್ಲಿ ವರದಿ ಕೊಡ್ತು. ಬೆಳಗಾವಿ ನಗರ ನಮಗೇ ಇರಲಿ ಅಂತು. ನಿಪ್ಪಾಣಿ, ಖಾನಾಪುರ ಕಡೆಯ ಒಂದಷ್ಟು ಊರು ಅವರಿಗೆ, ಜತ್ತ ತಾಲ್ಲೂಕಿನ ಹಳ್ಳಿಗಳು ಮತ್ತು ಅಕ್ಕಲಕೋಟ ನಮಗೆ ಅಂತು. ಮಹಾರಾಷ್ಟ್ರ ಒಪ್ಪಲಿಲ್ಲ. 1969ರ ಫೆಬ್ರವರಿಯಲ್ಲಿ ಇದೇ ವಿಷಯಕ್ಕೆ ಮುಂಬೈ ಹೊತ್ತಿ ಉರೀತು. 1986ರಲ್ಲಿ ಬೆಳಗಾವಿ ಭಾಗದಲ್ಲಿ ಗೋಲಿಬಾರ್ ಆಗಿ ಜೀವಗಳು ಹೋದವು. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು.

ಈ ಜಗಳದ ಒಂದೊಂದು ಘಟ್ಟವೂ ಎರಡೂ ಕಡೆ ನಾಯಕರನ್ನ ಹುಟ್ಟಿಸಿದೆ. ಕನ್ನಡಕ್ಕಾಗಿ ದನಿ ಎತ್ತಿದವರ ಋಣ ನಮ್ಮ ಮೇಲಿದೆ, ಅದನ್ನ ಮರೆಯೋ ಹಾಗಿಲ್ಲ. ಆದ್ರೆ ಜಗಳ ಕಲಿಸೋದು ಬಂದ್ ಮಾಡಿಸೋದನ್ನ. ಬಂದ್ ಆದ ಮರುದಿನ ಸಂತೆಯಲ್ಲಿ ಕನ್ನಡದವನು, ಮರಾಠಿಯವನು ಅಕ್ಕಪಕ್ಕ ಕೂತು ವ್ಯಾಪಾರ ಮಾಡಬೇಕಲ್ಲ? ಅದನ್ನ ನೋಡಿಕೊಳ್ಳೋ ನಾಯಕನನ್ನ ಜಗಳ ಯಾವತ್ತೂ ತಯಾರು ಮಾಡಿಲ್ಲ.

ಹಾಗಾದ್ರೆ ಈ ಸೀಮೆಗೆ ಅಂಥ ತರಬೇತಿಯ ಪರಂಪರೆಯೇ ಇಲ್ವಾ? ಇದೆ. ಮೂರು ಉದಾಹರಣೆ ಹೇಳ್ತೀನಿ.

ಮೊದಲನೆಯದು 1925ರದ್ದು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದಿದ್ದು ಎಲ್ಲರಿಗೂ ಗೊತ್ತು. ನಾಲ್ಕೇ ತಿಂಗಳಿಗೆ ನಿಪ್ಪಾಣಿಯಲ್ಲಿ ಡಾ. ಅಂಬೇಡ್ಕರ್ ಅಧ್ಯಕ್ಷತೆಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಸಮ್ಮೇಳನ ನಡೀತು. ಇದು ಎಷ್ಟು ಜನಕ್ಕೆ ಗೊತ್ತು? ಅಂಬೇಡ್ಕರ್ ಭಾಷಣ ಮಾಡಿ ಹೊರಟುಹೋಗಲಿಲ್ಲ. 1929ರಲ್ಲಿ ಧಾರವಾಡದಲ್ಲಿ ವಿದ್ಯಾರ್ಥಿನಿಲಯ ತೆರೆದರು, ಹುಡುಗರಿಗೆ ಅನ್ನ, ಅಕ್ಷರ ಎರಡೂ ಕೊಡಿಸಿದರು. ಅದನ್ನ ನೋಡಿಕೊಂಡವರು ಬಲವಂತರಾವ್ ವರಾಳೆ. ನಿಪ್ಪಾಣಿಯಲ್ಲೇ ಹುಟ್ಟಿದ ಅವರ ಮೊಮ್ಮಗ ಪ್ರಸನ್ನ ವರಾಳೆ 2022ರಲ್ಲಿ ಕರ್ನಾಟಕ ಹೈಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾದರು, 2024ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ನೋಡಿ, ಒಂದು ಹಾಸ್ಟೆಲ್ಲು, ಮೂರು ತಲೆಮಾರು. ನಾಯಕತ್ವ ಬೆಳೆಯೋದು ಹೀಗೆ.

ಎರಡನೆಯದು ತಂಬಾಕಿನ ಕಥೆ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಮರು ವರ್ಷ ನಿಪ್ಪಾಣಿ ಸೀಮೆಯ ತಂಬಾಕು ಬೆಳೆಗಾರರು ಯೋಗ್ಯ ಬೆಲೆ ಕೇಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ಕೂತರು. ಮುಂದೆ ನಿಂತವರು ಶೇತಕರಿ ಸಂಘಟನೆಯ ಶರದ್ ಜೋಶಿ. ದಿನಗಟ್ಟಲೆ ರಸ್ತೆ ಮೇಲೇ ಬಿಡಾರ. 1981ರ ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ಹತ್ತಕ್ಕೂ ಹೆಚ್ಚು ರೈತರು ಬಲಿಯಾದರು. ಅದೇ ಕಾಲಕ್ಕೆ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದೂಳು ಕುಡಿದು ದುಡೀತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿದರು. 1982ರಲ್ಲಿ ದೀಪಾ ಧನರಾಜ್ ಮತ್ತು ಯುಗಾಂತರ್ ತಂಡದವರು ಆ ಹೋರಾಟದ ಮೇಲೆ ಸಾಕ್ಷ್ಯಚಿತ್ರವನ್ನೇ ಮಾಡಿದರು. ಗಮನಿಸಿ, ಗಡಿ ವಿವಾದದ ಬಿಸಿ ಆಗಲೂ ಆರಿರಲಿಲ್ಲ. ಆದ್ರೂ ಹೆದ್ದಾರಿಯಲ್ಲಿ ಕೂತ ರೈತನ ಕೈಯಲ್ಲಿದ್ದದ್ದು ಬೆಲೆಯ ಲೆಕ್ಕ. ಕಾರ್ಖಾನೆ ಬಾಗಿಲಲ್ಲಿ ನಿಂತ ಹೆಣ್ಣುಮಗಳು ಕೇಳಿದ್ದು ಕೂಲಿ. ಬರೀ ಭಾಷೆಯ ಗೆರೆ ಎಳೆದು ನೋಡಿದ್ರೆ ಆ ದಿನಗಳು ಅರ್ಥವೇ ಆಗಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಹತ್ತಿರದ್ದು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದ ಎಷ್ಟು ಜನ ಬರ್ತಾರೋ, ಮಹಾರಾಷ್ಟ್ರದಿಂದಲೂ ಹಾಗೇ ಬರ್ತಾರೆ. ದೇವಿ ಹೆಸರಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟೋ ಅನಿಷ್ಟಕ್ಕೂ ರಾಜ್ಯದ ಗಡಿ ಇರಲಿಲ್ಲ. 1934ರಲ್ಲಿ ಮುಂಬೈ ಪ್ರಾಂತ್ಯದ ಕಾಯ್ದೆ ಬಂತು, 1982ರಲ್ಲಿ ಕರ್ನಾಟಕದ ಕಾಯ್ದೆ ಬಂತು, ಪದ್ಧತಿ ನಿಲ್ಲಲಿಲ್ಲ. 1997ರಲ್ಲಿ ಘಟಪ್ರಭಾದಲ್ಲಿ ಮಾಸ್ ಅನ್ನೋ ಸಂಸ್ಥೆ ಹುಟ್ಟಿತು. ಮೈರಾಡ ಸಂಸ್ಥೆಯವರು ಬೆನ್ನಿಗೆ ನಿಂತರು, ಸದಸ್ಯರು ಮಾತ್ರ ಮಾಜಿ ದೇವದಾಸಿಯರೇ. ಚಿಕ್ಕೋಡಿ ತಾಲ್ಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅಲ್ಲಿ ಬೆಳೆದವರು. ಏಳನೇ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಆ ಮಗು ಮುಂದೆ ಅದೇ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕಿಯಾಯಿತು. 2018ರಲ್ಲಿ ಪದ್ಮಶ್ರೀ ಬಂತು.

ಇಲ್ಲಿ ಪಾಠ ಏನು ಗೊತ್ತಾ? ಹೊರಗಿನವರು ಬಂದು "ನಿಮ್ಮನ್ನ ಉದ್ಧಾರ ಮಾಡ್ತೀವಿ" ಅಂತ ಕೂರಲಿಲ್ಲ. ಗಾಯ ಉಂಡವರ ಕೈಗೇ ಜವಾಬ್ದಾರಿ ಕೊಟ್ಟರು. ಮನೆಮನೆಗೆ ಹೋಗಿ ಮಾತಾಡಿದವರೂ, ಮುತ್ತು ಕಟ್ಟೋದನ್ನ ತಡೆದವರೂ ಅವರೇ. ಸಾವಿರಾರು ಹೆಣ್ಣುಮಕ್ಕಳು ಹೊರಗೆ ಬಂದಿದ್ದು ಹಾಗೆ.

ಈಗ ಮತ್ತೆ ಗಡಿಗೆ ಬರೋಣ. 2022ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಕೇಂದ್ರ ಗೃಹ ಸಚಿವರು ಎರಡೂ ರಾಜ್ಯದ ಮುಖ್ಯಮಂತ್ರಿಗಳನ್ನ ಕೂರಿಸಿದರು. ಎರಡೂ ಕಡೆಯಿಂದ ಮೂವರಂತೆ ಆರು ಸಚಿವರ ಸಮಿತಿ ಅಂತ ತೀರ್ಮಾನ ಆಯ್ತು. ಸರಿ, ಒಳ್ಳೇದೇ. ಆದ್ರೆ ಕೊಗನೊಳಿಯಲ್ಲಿ ಬಸ್ ನಿಂತಾಗ ಆರು ಸಚಿವರು ಬರ್ತಾರಾ? ಬರೋದು ಊರಿನ ಪಂಚಾಯ್ತಿ ಸದಸ್ಯ, ಸ್ತ್ರೀಶಕ್ತಿ ಸಂಘದ ಅಕ್ಕ, ಹಾಲಿನ ಡೇರಿಯ ಕಾರ್ಯದರ್ಶಿ.

ನಮ್ಮಲ್ಲಿ ಪಂಚಾಯ್ತಿ ಸದಸ್ಯರಿಗೆ ತರಬೇತಿ ಇದೆ. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಸಂಸ್ಥೆಯೇ ಇದೆ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅನ್ನಿಸಿಕೊಂಡ ಮನುಷ್ಯ ಅವರು. ಕಾಯ್ದೆ, ಯೋಜನೆ, ಲೆಕ್ಕಪತ್ರ ಎಲ್ಲ ಹೇಳಿಕೊಡ್ತಾರೆ. ಗಡಿ ತಾಲ್ಲೂಕಿನ ಸದಸ್ಯನಿಗೆ ಇನ್ನೂ ನಾಲ್ಕು ಪಾಠ ಬೇಕು ಅನ್ನೋದು ನನ್ನ ವಾದ. ಗಲಾಟೆ ಸುದ್ದಿ ಮೊಬೈಲ್‌ನಲ್ಲಿ ಬಂದ ಮೊದಲ ಒಂದು ಗಂಟೆಯಲ್ಲಿ ಯಾರಿಗೆ ಫೋನ್ ಮಾಡಬೇಕು? ಗ್ರಾಮಸಭೆಯಲ್ಲಿ ಕನ್ನಡ ಬಾರದ ಅಜ್ಜಿಗೆ ವಿಷಯ ಮುಟ್ಟಿಸೋದು ಹೇಗೆ? ಮಹಾಜನ್ ವರದಿಯಲ್ಲಿ ನಿಜಕ್ಕೂ ಏನಿದೆ? ಆಚೆ ಕಡೆಯ ಸರಪಂಚನ ಜೊತೆ ನೀರಿನ ಮಾತಾಡೋದು ಹೇಗೆ?

ನೀರು ಅಂದೆ ಅಲ್ವಾ? ಬೇಸಿಗೆಯಲ್ಲಿ ಕೃಷ್ಣೆ ಬತ್ತಿದ್ರೆ ಕೊಯ್ನಾದಿಂದ ನೀರು ಬಿಡಿ ಅಂತ ನಾವು ಮಹಾರಾಷ್ಟ್ರಕ್ಕೆ ಕಾಗದ ಬರೀತೀವಿ. ಮಳೆಗಾಲದಲ್ಲಿ ರಾಜಾಪುರ ಬ್ಯಾರೇಜ್‌ನಿಂದ ಎಷ್ಟು ಕ್ಯೂಸೆಕ್ ಬರ್ತಿದೆ ಅಂತ ಚಿಕ್ಕೋಡಿ, ಕಾಗವಾಡ, ಅಥಣಿ, ರಾಯಬಾಗದ ನದಿ ದಂಡೆಯವರು ನಿದ್ದೆಗೆಟ್ಟು ಕಾಯ್ತಾರೆ. 2005ರಲ್ಲಿ, 2019ರಲ್ಲಿ ಪ್ರವಾಹ ಬಂದಾಗ ನೀರು ಯಾರ ಭಾಷೆಯನ್ನೂ ಕೇಳಲಿಲ್ಲ. ಅಥಣಿ ಪಕ್ಕದ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳು ಕರ್ನಾಟಕಕ್ಕೆ ಸೇರ್ತೀವಿ ಅಂದಿದ್ದೂ ಕುಡಿಯೋ ನೀರು ಸಿಗದೆ. ಕಾಯಿಲೆ ಬಿದ್ರೆ ಕಾಗವಾಡದವರಿಗೆ ಮಿರಜ ಹತ್ತಿರ. ಬದುಕು ಆ ಕಡೆ ಈ ಕಡೆ ಹೆಣೆದುಕೊಂಡಿದೆ.

ಕೋರ್ಟ್ ತೀರ್ಪು ಯಾವಾಗ ಬರುತ್ತೋ ಬರಲಿ. ಅದು ಗೆರೆ ಎಲ್ಲಿದೆ ಅಂತ ಹೇಳುತ್ತೆ. ಗೆರೆಯ ಪಕ್ಕದಲ್ಲಿ ಬಾಳೋದನ್ನ ಕಲಿಸೋದು ಊರಿನ ಮುಂದಾಳುಗಳ ಕೆಲಸ. ಅವರನ್ನ ಈಗಿನಿಂದಲೇ ತಯಾರು ಮಾಡಬೇಕು, ಕಲ್ಲು ಬಿದ್ದ ಮೇಲೆ ಹುಡುಕಿದ್ರೆ ಸಿಗಲ್ಲ.

ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ತೀನಿ. ಮುಂದಿನ ಸಲ ಗಡಿಯಲ್ಲಿ ಗದ್ದಲ ಆದ್ರೆ ನನ್ನ ಸ್ಟುಡಿಯೋಗೆ ಮೊದಲ ಕರೆ ಹೋಗೋದು ನಿಪ್ಪಾಣಿ ಕಡೆಯ ಒಂದು ಪಂಚಾಯ್ತಿಗೆ. ನಾನು ಕೇಳೋದು ಒಂದೇ ಪ್ರಶ್ನೆ: "ಅಕ್ಕಾರ, ನಾಳೆ ಕೊಲ್ಲಾಪುರಕ್ಕ ಬಸ್ ಹೋಗ್ತದೇನ್ರಿ?"